ವಾಪಸು ಹೋಗಲಾಗದ ಬೈಕ್‌ಗೊಂದು ಬಾಗಿಲು ಬೇಕು

ಗಡಿ ದಾಟಿ ಬಂದ ವಿದೇಶಿ ನೋಂದಣಿಯ ಬೈಕ್ ಮತ್ತೆ ಗಡಿ ದಾಟಲೇಬೇಕು ಎನ್ನುತ್ತದೆ ಕಾನೂನು. ಆದರೆ ನಮ್ಮ ಸುತ್ತಲಿನ ಗಡಿಗಳು ಒಂದೊಂದಾಗಿ ಮುಚ್ಚಿಕೊಂಡಿವೆ. ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಬೊಕ್ಕಸಕ್ಕೆ ನಷ್ಟವಾಗದಂತೆ, ಸವಾರರು ತಲೆತಗ್ಗಿಸದಂತೆ ಬೈಕನ್ನು ಒಪ್ಪಿಸಿ ಹೋಗುವ ದಾರಿಯೊಂದನ್ನು ಭಾರತ ತೆರೆಯಬೇಕು, ತೆರೆಯಬಹುದು.

ಕಠ್ಮಂಡುವಿನ ಕಾರ್ಗೊ ಏಜೆಂಟರ ಅಂಗಳದಲ್ಲಿ ಬೈಕೊಂದನ್ನು ಪೆಟ್ಟಿಗೆಗೆ ಸೇರಿಸುವ ಕೆಲಸ ಶುರುವಾಗುವುದೇ ಅಳತೆಪಟ್ಟಿಯಿಂದ. ಟ್ಯಾಂಕಿನ ಪೆಟ್ರೋಲನ್ನು ಪೈಪ್ ಹಾಕಿ ತೆಗೆಯುತ್ತಾರೆ. ಬ್ಯಾಟರಿಯ ವೈರ್ ಕಳಚಿ ಟೇಪ್ ಸುತ್ತುತ್ತಾರೆ. ಕನ್ನಡಿ, ಮುಂದಿನ ಗಾಜು, ಪಕ್ಕದ ಪೆಟ್ಟಿಗೆಗಳು ಬಿಚ್ಚಿ ನೆಲಕ್ಕಿಳಿಯುತ್ತವೆ. ಮುಂದಿನ ಚಕ್ರ ತೆಗೆದು ಫೋರ್ಕನ್ನು ಹಲಗೆಗೆ ಬಿಗಿಯುತ್ತಾರೆ, ಹ್ಯಾಂಡಲ್ ಸಡಿಲಿಸಿ ಟ್ಯಾಂಕಿನ ಮೇಲೆ ಒರಗಿಸುತ್ತಾರೆ. ಬಡಗಿ ಇಂಚಿಂಚಿಗೂ ಲೆಕ್ಕ ಹಾಕಲು ಕಾರಣವಿದೆ. ವಿಮಾನದ ಸರಕಿಗೆ ಬಾಡಿಗೆ ನಿಗದಿಯಾಗುವುದು ಅದರ ತೂಕ ಅಥವಾ ಗಾತ್ರ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. 6000 ಘನ ಸೆಂಟಿಮೀಟರ್ ಅಂದರೆ ಒಂದು ಕಿಲೊ ಎಂದು ಲೆಕ್ಕ. 210 ಸೆಂಟಿಮೀಟರ್ ಉದ್ದ, 85 ಅಗಲ, 115 ಎತ್ತರದ ಪೆಟ್ಟಿಗೆ ಈ ಲೆಕ್ಕದಲ್ಲಿ 342 ಕಿಲೊ ತೂಗುತ್ತದೆ. ಚಕ್ರ, ಹ್ಯಾಂಡಲ್ ಕಳಚಿ ಅದನ್ನೇ 180, 80, 110ಕ್ಕೆ ಇಳಿಸಿದರೆ 264 ಕಿಲೊ. ಅಷ್ಟು ಬಿಚ್ಚಿದ್ದಕ್ಕೆ ಉಳಿಯುವುದು 78 ಕಿಲೊದ ಬಾಡಿಗೆ.

ಹೀಗೆ ಹಳೆಯ ಬೈಕನ್ನು ಬಿಚ್ಚಿ, ಮೊಳೆ ಹೊಡೆದು, ದುಬಾರಿ ಬಾಡಿಗೆ ತೆತ್ತು ಹಾರಿಸುವವರಲ್ಲಿ ಹಲವರಿಗೆ ಅದರ ಮೇಲೆ ಮಮತೆ ಇರುವುದು ನಿಜ. ಮಮತೆ ಇಲ್ಲದವರೂ ಅಷ್ಟೇ ಖರ್ಚು ಮಾಡಬೇಕಾದದ್ದು ಮಾತ್ರ ಬೇರೆ ವಿಷಯ. ಜರ್ಮನಿ, ಫ್ರಾನ್ಸ್, ಬ್ರಿಟನ್ನಿನಿಂದ ನೆಲದ ಮೇಲೆಯೇ ಭಾರತ ಉಪಖಂಡಕ್ಕೆ ಬಂದ ಬೈಕ್ ಇಲ್ಲಿ ಎಷ್ಟೇ ಸವೆದಿರಲಿ, ಎಂಜಿನ್ ಸೀಜ್ ಆಗಿ ನಿಂತಿರಲಿ, ಅದನ್ನು ದೇಶದಿಂದ ಹೊರಗೆ ಹಾಕಿಯೇ ಸವಾರರು ಹೋಗಬೇಕು. ಈ ಲೇಖನದ ವಾದ ಇಷ್ಟು: ತಾತ್ಕಾಲಿಕವಾಗಿ ತಂದ ವಾಹನ ಮರಳಲೇಬೇಕು ಎಂಬ ನಿಯಮ ತಪ್ಪಲ್ಲ, ಆದರೆ ಅದಕ್ಕೊಂದು ಕೊನೆಯ ಬಾಗಿಲಿಲ್ಲದಿರುವುದು ತಪ್ಪು. ಬಾಗಿಲಿಲ್ಲದ ಕಡೆ ಜನ ಗೋಡೆ ಹಾರುತ್ತಾರೆ. ಆಗ ಸುಂಕವೂ ಬರುವುದಿಲ್ಲ, ದಾಖಲೆಯೂ ಉಳಿಯುವುದಿಲ್ಲ, ರಸ್ತೆಯ ಮೇಲೆ ಯಾರದೆಂದು ಗೊತ್ತಿಲ್ಲದ ವಾಹನವೊಂದು ಓಡಾಡುತ್ತಿರುತ್ತದೆ.

ಈ ವ್ಯವಸ್ಥೆಯ ಬೇರು ಎರಡನೇ ಮಹಾಯುದ್ಧದ ನಂತರದ ದಶಕದಲ್ಲಿದೆ. ಪ್ರವಾಸಿಗರು ಸ್ವಂತ ವಾಹನದಲ್ಲಿ ದೇಶ ದೇಶ ದಾಟಲು ಹೊರಟಾಗ ಪ್ರತಿ ಗಡಿಯಲ್ಲೂ ಆಮದು ಸುಂಕ ಕಟ್ಟಿ, ಹೊರಡುವಾಗ ವಾಪಸು ಪಡೆಯುವುದು ಆಗದ ಮಾತಾಗಿತ್ತು. 1954ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಖಾಸಗಿ ವಾಹನಗಳ ತಾತ್ಕಾಲಿಕ ಆಮದಿನ ಬಗ್ಗೆ ಒಪ್ಪಂದವೊಂದು ಆಯಿತು. ಭಾರತವೂ ಅದರ ಸದಸ್ಯ. ಅದರ ಪ್ರಕಾರ ಸವಾರರ ತಾಯ್ನಾಡಿನ ಆಟೊಮೊಬೈಲ್ ಕ್ಲಬ್ ಒಂದು ಪುಸ್ತಕ ಕೊಡುತ್ತದೆ. ಅದರ ಪೂರ್ಣ ಹೆಸರು ಕಾರ್ನೆ ದ ಪಸಾಜ್ ಆಂ ದುವಾನ್. ನಮ್ಮ ಬೈಕರ್‌ಗಳ ಬಾಯಲ್ಲಿ ಬರೀ ಕಾರ್ನೆಟ್. ವಾಹನ ವಾಪಸಾಗದಿದ್ದರೆ ಸುಂಕವನ್ನು ನಾನು ಕಟ್ಟುತ್ತೇನೆ ಎಂದು ಕ್ಲಬ್ ಜಾಮೀನು ನಿಲ್ಲುತ್ತದೆ. ಆ ಜಾಮೀನಿಗಾಗಿ ಸವಾರರಿಂದ ಠೇವಣಿ ಅಥವಾ ಬ್ಯಾಂಕ್ ಗ್ಯಾರಂಟಿ ತೆಗೆದುಕೊಳ್ಳುತ್ತದೆ. ಹೋಗುವ ದೇಶದ ಸುಂಕ ಹೆಚ್ಚಿದ್ದಷ್ಟೂ ಠೇವಣಿ ದೊಡ್ಡದು. ಭಾರತ, ನೇಪಾಳ, ಪಾಕಿಸ್ತಾನ, ಇರಾನ್ ಎಲ್ಲವೂ ಕಾರ್ನೆಟ್ ಕೇಳುವ ದೇಶಗಳು. ಹಾಗಾಗಿ ಇಸ್ತಾಂಬುಲ್ ದಾಟಿ ಪೂರ್ವಕ್ಕೆ ಬರುವವರ ಹಣ ಮನೆ ಬಿಡುವ ದಿನದಿಂದಲೇ ಕಟ್ಟಿಹಾಕಿಸಿಕೊಂಡಿರುತ್ತದೆ.

ಮೂರು ತುಂಡಿನ ಹಾಳೆ
ಕಾರ್ನೆಟ್ ಪುಸ್ತಕದ ಪ್ರತಿ ಹಾಳೆಗೂ ಮೂರು ಭಾಗ. ದೇಶದ ಒಳಗೆ ಬರುವಾಗ ಕಸ್ಟಮ್ಸ್ ಅಧಿಕಾರಿ ಕೆಳಗಿನ ತುಂಡನ್ನು ಹರಿದುಕೊಳ್ಳುತ್ತಾರೆ, ಹೊರಡುವಾಗ ನಡುವಿನದನ್ನು. ಮೇಲಿನ ತುಂಡು ಎರಡೂ ಸಲ ಮೊಹರು ಹಾಕಿಸಿಕೊಂಡು ಪುಸ್ತಕದಲ್ಲೇ ಉಳಿಯುತ್ತದೆ. ಆ ತುಂಡಿನ ಮೇಲೆ ಹೊರಟ ಮೊಹರು ಇಲ್ಲದಿದ್ದರೆ ಬೈಕ್ ಇನ್ನೂ ಆ ದೇಶದಲ್ಲೇ ಇದೆ ಎಂದರ್ಥ. ಪುಸ್ತಕದ ಅವಧಿ ಒಂದು ವರ್ಷ. ಅವಧಿ ಮುಗಿದ ಒಂದು ವರ್ಷದೊಳಗೆ ಕಸ್ಟಮ್ಸ್ ಜಾಮೀನು ಸಂಸ್ಥೆಗೆ ನೋಟಿಸ್ ಕೊಡಬೇಕು. ಬೈಕ್ ಹೊರಗೆ ಹೋಗಿದೆ ಎಂದು ತೋರಿಸಲು ಸಂಸ್ಥೆಗೆ ಮತ್ತೊಂದು ವರ್ಷ ಸಿಗುತ್ತದೆ.

ಪುಸ್ತಕ ಬರೆದವರು ಊಹಿಸಿದ ಲೋಕದಲ್ಲಿ ರಸ್ತೆಗೆ ಎರಡು ತುದಿಯೂ ತೆರೆದಿರುತ್ತವೆ. ಬಂದ ದಾರಿಯಲ್ಲಿ ಹಿಂದಿರುಗಬಹುದು, ಇಲ್ಲವೇ ಮುಂದಿನ ದೇಶಕ್ಕೆ ಸಾಗಬಹುದು. ನಮ್ಮ ಉಪಖಂಡದ ಭೂಪಟ ಈಗ ಹಾಗಿಲ್ಲ. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶ ಒಟ್ಟಿಗೆ ಬಂದು ಇಸ್ತಾಂಬುಲ್–ಕಠ್ಮಂಡು ದಾರಿಯನ್ನು ಒಮ್ಮೆ ಮುರಿದವು. ಅದಾದ ಮೇಲೂ ಇರಾನ್–ಪಾಕಿಸ್ತಾನದ ಮೂಲಕ ಅಟಾರಿಗೆ ಬರುವ ಎಳೆಯೊಂದು ಹೇಗೋ ಉಳಿದಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಬೆನ್ನಿಗೆ ಅಟಾರಿ ಚೆಕ್‌ಪೋಸ್ಟ್ ಮುಚ್ಚಿತು. ಪೂರ್ವದಲ್ಲಿ ಮಣಿಪುರದ ಮೊರೆ ಮೂಲಕ ಮ್ಯಾನ್ಮಾರ್‌ಗೆ ಹೋಗುವ ದಾರಿ 2018ರಲ್ಲಿ ವಿದೇಶಿಯರಿಗೂ ಅಧಿಕೃತವಾಗಿ ತೆರೆದು ಆಸೆ ಹುಟ್ಟಿಸಿತು. 2020ರ ಕೋವಿಡ್ ಅದನ್ನು ಮುಚ್ಚಿತು, 2021ರ ಫೆಬ್ರುವರಿಯ ಸೇನಾ ದಂಗೆ ಆ ಆಸೆಯನ್ನೂ ಮುಗಿಸಿತು. ಉತ್ತರಕ್ಕೆ ಟಿಬೆಟ್, ಅಲ್ಲಿ ಗೈಡ್ ಇಲ್ಲದೆ, ಮೊದಲೇ ಮಾಡಿಸಿದ ಪರವಾನಗಿ ಇಲ್ಲದೆ ಚಕ್ರ ಉರುಳುವುದಿಲ್ಲ. ವಿಮಾನದಲ್ಲಿ ಬ್ಯಾಂಕಾಕ್‌ಗೆ ಒಯ್ದರೂ ತಾಪತ್ರಯ ಮುಗಿಯದು, 2016ರಿಂದ ಥಾಯ್ಲೆಂಡ್ ಕೂಡ ವಿದೇಶಿ ವಾಹನಗಳಿಗೆ ಮುಂಗಡ ಪರವಾನಗಿ, ಗೈಡ್ ಎಂದು ಬಿಗಿ ಮಾಡಿದೆ. ನೆಲದ ಮೇಲೆ ಬಂದ ಬೈಕ್ ನೆಲದ ಮೇಲೆಯೇ ಹೊರಹೋಗುವ ದಾರಿ ಹೀಗೆ ಕಡಿದುಹೋಗಿ, ವಾಹನದ ಮಟ್ಟಿಗೆ ಭಾರತ ಒಂದು ದ್ವೀಪವಾಗಿದೆ. ಉಳಿದದ್ದು ಮುಂಬೈ, ಚೆನ್ನೈ ಬಂದರುಗಳು ಮತ್ತು ಕಠ್ಮಂಡುವಿನ ವಿಮಾನ.

ಇದು ಉತ್ತರದ ಗಡಿಯವರ ತಲೆನೋವು, ನಮಗೇಕೆ ಎನ್ನುವಂತಿಲ್ಲ. ಮಳೆಗಾಲ ಮುಗಿದು ಅಕ್ಟೋಬರ್ ಕಳೆಯುತ್ತಿದ್ದಂತೆ ಇಂಥ ಸವಾರರು ಬೆಚ್ಚನೆಯ ದಕ್ಷಿಣಕ್ಕೆ ಇಳಿಯುತ್ತಾರೆ. ಗೋವಾ, ಗೋಕರ್ಣ, ಹಂಪಿ ಅವರ ಚಳಿಗಾಲದ ತಂಗುದಾಣಗಳು. 1973ರಲ್ಲಿ ಲಂಡನ್ ಬಿಟ್ಟು ನಾಲ್ಕು ವರ್ಷ ಜಗತ್ತು ಸುತ್ತಿದ ಟೆಡ್ ಸೈಮನ್ ಕೂಡ ತನ್ನ 500 ಸಿಸಿ ಟ್ರಯಂಫ್ ಮೇಲೆ ಭಾರತವನ್ನು ಉದ್ದಕ್ಕೂ ಕಂಡವರು. ಆ ಬೈಕ್ ಈಗ ಇಂಗ್ಲೆಂಡಿನ ಕೊವೆಂಟ್ರಿಯ ಮ್ಯೂಸಿಯಂನಲ್ಲಿದೆ. ಎಲ್ಲ ಬೈಕ್‌ಗೂ ಆ ಭಾಗ್ಯ ಇರುವುದಿಲ್ಲ. ಸಾಮಾನ್ಯವಾಗಿ ಕಾರ್ನೆಟ್ ಮೇಲೆ ಬಂದ ವಾಹನಕ್ಕೆ ಭಾರತದಲ್ಲಿ ಸಿಗುವ ಕಾಲ ಆರು ತಿಂಗಳು, ಕೋರಿದರೆ ಇನ್ನಷ್ಟು. ಅಷ್ಟರಲ್ಲಿ ಸವಾರನಿಗೆ ಅಪಘಾತವಾಗಬಹುದು, ಊರಲ್ಲಿ ತಾಯಿ ಹಾಸಿಗೆ ಹಿಡಿಯಬಹುದು, ಕ್ರ್ಯಾಂಕ್‌ಶಾಫ್ಟ್ ಮುರಿದು ಅದರ ಸ್ಪೇರ್ ಪಾರ್ಟ್ಸ್ ಇಡೀ ಏಷ್ಯಾದಲ್ಲಿ ಸಿಗದಿರಬಹುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಅನೇಕ ವಿದೇಶಿಯರು ತಮ್ಮ ದೇಶ ಕಳಿಸಿದ ವಿಶೇಷ ವಿಮಾನ ಹತ್ತಿ ಹೋದರು. ಅದರಲ್ಲಿ ಮನುಷ್ಯರಿಗೆ ಜಾಗವಿತ್ತು, ವಾಹನಕ್ಕೆ ಇರಲಿಲ್ಲ. ಇವರಲ್ಲಿ ಯಾರೂ ಸುಂಕ ತಪ್ಪಿಸಲು ಬಂದವರಲ್ಲ.

ಹಾಗಾದರೆ ಸುಂಕ ಕಟ್ಟಿ ಇಲ್ಲೇ ಮಾರಿಬಿಡಬಹುದಲ್ಲ ಎಂಬ ಪ್ರಶ್ನೆ ಸಹಜ. ಆಗದು. ಬಳಸಿದ ವಾಹನದ ಆಮದಿಗೆ ಭಾರತದ ವಿದೇಶ ವ್ಯಾಪಾರ ನೀತಿ ಹಾಕಿರುವ ಷರತ್ತು ಕಠಿಣ: ತಯಾರಾಗಿ ಮೂರು ವರ್ಷ ದಾಟಿರಬಾರದು, ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ ಬೇಕು, ಮುಂಬೈ ಬಂದರಿನ ಮೂಲಕವೇ ಬರಬೇಕು. ದೂರ ಪ್ರಯಾಣಕ್ಕೆ ಜನ ಆರಿಸುವುದು ವರ್ಷಗಟ್ಟಲೆ ಪಳಗಿದ, ರಸ್ತೆಬದಿಯಲ್ಲೇ ರಿಪೇರಿಯಾಗುವ ಹಳೆಯ ಬೈಕನ್ನು. ಅಂಥದ್ದು ಮೊದಲ ಷರತ್ತಿಗೇ ಬಿದ್ದುಹೋಗುತ್ತದೆ. ಪೂರ್ತಿ ಸುಂಕ ಕಟ್ಟುತ್ತೇನೆಂದು ಕೈಯಲ್ಲಿ ಹಣ ಹಿಡಿದು ಬಂದರೂ ತೆಗೆದುಕೊಳ್ಳುವ ಕೌಂಟರ್ ಇಲ್ಲ. ಬೆಲೆ ಕಟ್ಟುವ ಕ್ರಮವೂ ನೆಲದ ಸತ್ಯಕ್ಕೆ ದೂರ. ಬಳಸಿದ ವಾಹನದ ಸವಕಳಿಗೆ ನಮ್ಮ ಕಸ್ಟಮ್ಸ್ ಬಹುಕಾಲದಿಂದ ಅನುಸರಿಸುತ್ತಿರುವ ಪಟ್ಟಿಯಲ್ಲಿ ಮೊದಲ ವರ್ಷ ಪ್ರತಿ ಮೂರು ತಿಂಗಳಿಗೆ ಶೇ 4, ಎರಡನೇ ವರ್ಷ ಶೇ 3, ಮೂರನೆಯದಕ್ಕೆ ಶೇ 2.5, ಆಮೇಲೆ ಶೇ 2. ಒಟ್ಟು ಶೇ 70ಕ್ಕೆ ಮಿತಿ. ಅಂದರೆ ಏಳು ವರ್ಷಕ್ಕೆ ಬೆಲೆ ಹೊಸದರ ಶೇ 30ಕ್ಕೆ ಬಂದು ನಿಲ್ಲುತ್ತದೆ. ಅದು ಹದಿನೈದು ವರ್ಷದ್ದಾದರೂ, ಎರಡು ಖಂಡ ದಾಟಿ ಚೈನು ಸವೆದು ಸೈಲೆನ್ಸರ್ ತೂತು ಬಿದ್ದಿದ್ದರೂ ಅಷ್ಟೇ. ಇಂಥ ಬೈಕ್‌ಗೆ ಗುಜರಿಯವರೂ ಅದರ ಸಮೀಪದ ಬೆಲೆ ಕೊಡುವುದಿಲ್ಲ.

ನೇರ ದಾರಿ ಮುಚ್ಚಿದಾಗ ಏನಾಗುತ್ತದೆ ಎಂದು ಊಹಿಸಲು ಕಷ್ಟಪಡಬೇಕಿಲ್ಲ. ಬೈಕ್ ಗೆಸ್ಟ್‌ಹೌಸಿನ ಹಿತ್ತಲಲ್ಲಿ ಟಾರ್ಪಾಲು ಹೊದ್ದು ಕೂರುತ್ತದೆ. ಇಲ್ಲವೇ ಕೀಲಿ ಕೈ ಬದಲಾಯಿಸುತ್ತದೆ, ಕಾಗದ ಬದಲಾಗುವುದಿಲ್ಲ. ಇಲ್ಲವೇ ಬಿಡಿಭಾಗಗಳಾಗಿ ಕರಗುತ್ತದೆ. ಹೀಗೆ ಕೈ ಬದಲಾದ ಬೈಕಿಗೆ ಯಾರೋ ಸ್ಥಳೀಯ ನಂಬರ್ ಪ್ಲೇಟ್ ಹಚ್ಚಿ ಓಡಿಸುತ್ತಾರೆ. ಅದಕ್ಕೆ ವಿಮೆ ಇರುವುದಿಲ್ಲ. ಅದು ಒಬ್ಬ ಪಾದಚಾರಿಗೆ ಗುದ್ದಿದರೆ ಪರಿಹಾರ ಕೇಳುವುದು ಯಾರನ್ನು? 2018ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದು, ವಾಹನ ಎಷ್ಟು ಕೈ ದಾಟಿದ್ದರೂ ಆರ್‌ಸಿಯಲ್ಲಿ ಹೆಸರಿರುವವನೇ ಕಾನೂನಿನ ಕಣ್ಣಲ್ಲಿ ಮಾಲೀಕ, ಪರಿಹಾರದ ಹೊಣೆ ಅವನದೇ. ಆ ಹೆಸರಿನವನು ಯಾವುದೋ ದೂರದ ಪಟ್ಟಣದಲ್ಲಿ ಕುಳಿತಿರುವಾಗ ಶಿರಸಿಯಲ್ಲೋ ಹೊಸಪೇಟೆಯಲ್ಲೋ ಕಾಲು ಮುರಿದುಕೊಂಡವರ ಕೈಗೆ ಬರುವುದು ಏನೂ ಇಲ್ಲ. ಮರಳಲೇಬೇಕೆಂಬ ನಿಯಮ ಕಾಪಾಡಬೇಕಾದ ಜನರೇ ಇಲ್ಲಿ ಪೆಟ್ಟು ತಿನ್ನುತ್ತಾರೆ. ಈ ವಾದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ ಅಂಶ.

ಪರಿಹಾರ ಹುಡುಕಲು ಬಹಳ ದೂರ ಹೋಗಬೇಕಿಲ್ಲ, 1954ರ ಒಪ್ಪಂದದಲ್ಲೇ ಅದರ ಬೀಜವಿದೆ. ಅಪಘಾತದಲ್ಲಿ ತೀರಾ ಜಖಂಗೊಂಡ ವಾಹನವನ್ನು ಹೊರಗೆ ಒಯ್ಯಬೇಕಿಲ್ಲ ಎನ್ನುತ್ತದೆ ಅದರ ಒಂದು ವಿಧಿ. ಅಪಘಾತ ನಡೆದದ್ದು ದೃಢಪಟ್ಟಿರಬೇಕು, ಜೊತೆಗೆ ಮೂರರಲ್ಲಿ ಒಂದು ಆಗಬೇಕು: ಸುಂಕ ಕಟ್ಟುವುದು, ಬೊಕ್ಕಸಕ್ಕೆ ಬಿಡಿಗಾಸಿನ ಖರ್ಚೂ ಬಾರದಂತೆ ವಾಹನವನ್ನು ಸರ್ಕಾರಕ್ಕೆ ಬಿಟ್ಟುಕೊಡುವುದು, ಇಲ್ಲವೇ ಮಾಲೀಕರ ಖರ್ಚಿನಲ್ಲಿ ಅಧಿಕಾರಿಗಳ ಎದುರೇ ನಾಶಪಡಿಸುವುದು. 1990ರ ಇಸ್ತಾಂಬುಲ್ ಒಪ್ಪಂದ ಇನ್ನೂ ಮುಂದೆ ಹೋಗಿ, ಮುಕ್ತ ವಲಯ ಅಥವಾ ಕಸ್ಟಮ್ಸ್ ಗೋದಾಮಿಗೆ ಸೇರಿಸಿಯೂ ತಾತ್ಕಾಲಿಕ ಆಮದನ್ನು ಮುಗಿಸಬಹುದು ಎನ್ನುತ್ತದೆ. ನಮ್ಮ 1962ರ ಕಸ್ಟಮ್ಸ್ ಕಾಯ್ದೆಯ 23ನೇ ಕಲಂ ಕೂಡ ಆಮದು ಮಾಲಿನ ಹಕ್ಕನ್ನು ಬಿಟ್ಟುಕೊಟ್ಟ ಮಾಲೀಕ ಸುಂಕ ಕಟ್ಟಬೇಕಿಲ್ಲ ಎನ್ನುತ್ತದೆ. ಆದರೆ ಆ ಕಲಂ ಬಂದರಿನಲ್ಲಿ ಬಿಡಿಸಿಕೊಳ್ಳದೆ ಬಿದ್ದ ಸರಕನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ತಿಂಗಳುಗಟ್ಟಲೆ ನಮ್ಮ ರಸ್ತೆಗಳಲ್ಲಿ ಓಡಿದ ಬೈಕಿಗೆ ಅದನ್ನು ಅನ್ವಯಿಸಿ ಕಾರ್ನೆಟ್ ಮೇಲೆ ಮೊಹರು ಹಾಕಲು ಯಾವ ಅಧಿಕಾರಿಯೂ ಧೈರ್ಯ ಮಾಡಲಾರರು. ನಾಳೆ ಆಡಿಟ್ ಆಕ್ಷೇಪ ಬಂದರೆ ಉತ್ತರ ಕೊಡಬೇಕಾದವರು ಅವರೇ. ಅವರನ್ನು ದೂರಿ ಪ್ರಯೋಜನವಿಲ್ಲ, ಕೈಗೆ ಸ್ಪಷ್ಟ ಆದೇಶ ಕೊಡಬೇಕು.

ಆಗಬೇಕಾದದ್ದು ಇಷ್ಟು. ಅಪಘಾತಕ್ಕೆ ಮಾತ್ರ ಮೀಸಲಾದ ಆ ವಿಧಿಯ ತತ್ವವನ್ನು ಪಯಣ ನಿಂತುಹೋದ ಎಲ್ಲ ಪ್ರಾಮಾಣಿಕ ಸಂದರ್ಭಗಳಿಗೂ ಭಾರತ ತಾನಾಗಿ ವಿಸ್ತರಿಸಬೇಕು. ಗೊತ್ತುಮಾಡಿದ ಕೆಲವು ಕಡೆ, ಅಂದರೆ ಬಂದರು, ಗಡಿಠಾಣೆ, ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವಂಥ ಒಳನಾಡು ಕಂಟೈನರ್ ಡಿಪೊಗಳಲ್ಲಿ, ಸವಾರರು ಬೈಕ್, ಕೀಲಿ, ಮೂಲ ನೋಂದಣಿ ಪತ್ರ ಒಪ್ಪಿಸಲಿ. ಅಧಿಕಾರಿ ಛಾಸಿ ನಂಬರನ್ನು ಕಾರ್ನೆಟ್‌ನೊಂದಿಗೆ ತಾಳೆ ನೋಡಿ, ಹೊರಟ ಮೊಹರು ಹಾಕಿ ಕಳಿಸಲಿ. ಮಾರಿ ಹಣ ಮಾಡುವ ಅವಕಾಶ ಸವಾರರಿಗೆ ಇರಬಾರದು, ವಿಲೇವಾರಿಯ ಖರ್ಚನ್ನೂ ಅವರೇ ಕೊಡಬೇಕು. ಇನ್ನು ಬೈಕ್ ಮೇಲೆ ಆಸೆ ಬಿಡದವರಿಗೆ, ಕಾಯಿಲೆಯಿಂದಲೋ ಗಡಿ ಮುಚ್ಚಿದ್ದರಿಂದಲೋ ಸಿಕ್ಕಿಬಿದ್ದವರಿಗೆ, ಬಾಂಡೆಡ್ ಗೋದಾಮಿನಲ್ಲಿ ಬಾಡಿಗೆ ಕಟ್ಟಿ ವರ್ಷದ ಮಟ್ಟಿಗೆ ಇಟ್ಟುಹೋಗುವ ಅವಕಾಶ ಇರಲಿ. ಅಷ್ಟು ದಿನ ಕಾರ್ನೆಟ್‌ನ ಗಡಿಯಾರ ನಿಲ್ಲಬೇಕು.

ಮೊದಲ ಆಕ್ಷೇಪ ಕಳ್ಳಸಾಗಣೆಯದು, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಇಲಾಖೆ ‘ಆಪರೇಷನ್ ನುಮ್‌ಖೋರ್’ ಹೆಸರಿನಲ್ಲಿ ದಾಳಿ ನಡೆಸಿ, ಭೂತಾನ್ ಮೂಲಕ ಒಳನುಸುಳಿ ನಕಲಿ ದಾಖಲೆಯ ಮೇಲೆ ಇಲ್ಲಿ ನೋಂದಣಿಯಾದವೆಂಬ ಶಂಕೆಯಲ್ಲಿ ಹಲವು ದುಬಾರಿ ಕಾರುಗಳನ್ನು ವಶಪಡಿಸಿಕೊಂಡಿತು. ಪ್ರವಾಸಿಗರ ಹೆಸರಿನಲ್ಲಿ ಬಾಗಿಲು ತೆರೆದರೆ ಇಂಥವರೇ ಅದರಲ್ಲಿ ನುಗ್ಗುತ್ತಾರೆ ಎಂಬ ಭಯಕ್ಕೆ ಆಧಾರವಿದೆ. ಆದರೆ ಆ ಆರೋಪಗಳನ್ನು ಸೂಕ್ಷ್ಮವಾಗಿ ನೋಡಿದರೆ ಲಾಭದ ಗುಟ್ಟು ಇರುವುದು ಮಾರಾಟದಲ್ಲಿ, ಸುಳ್ಳು ನೋಂದಣಿಯಲ್ಲಿ. ಇಲ್ಲಿ ಹೇಳುತ್ತಿರುವ ಬಾಗಿಲಿನಲ್ಲಿ ಮಾರಾಟವೂ ಇಲ್ಲ, ನೋಂದಣಿಯೂ ಇಲ್ಲ. ಒಪ್ಪಿಸಿದ ಬೈಕ್ ಯಾವ ಆರ್‌ಟಿಒ ಕಚೇರಿಯನ್ನೂ ಕಾಣುವುದಿಲ್ಲ. ಕೊಟ್ಟು ಬರಿಗೈಯಲ್ಲಿ ಹೋಗುವ ವ್ಯವಹಾರಕ್ಕೆ ಯಾವ ಕಳ್ಳಸಾಗಣೆದಾರ ಬರುತ್ತಾನೆ? ಒಬ್ಬ ವ್ಯಕ್ತಿಗೆ ಹತ್ತು ವರ್ಷಕ್ಕೊಮ್ಮೆ ಮಾತ್ರ ಎಂದು ಮಿತಿ ಹಾಕಿದರೆ ಉಳಿದ ಅನುಮಾನವೂ ಹೋಗುತ್ತದೆ. ಇನ್ನು ದೇಶೀಯ ಉದ್ದಿಮೆಯ ರಕ್ಷಣೆಯ ಮಾತು. 2025ರ ಬಜೆಟ್‌ನಲ್ಲಿ ಸರ್ಕಾರವೇ ಪೂರ್ತಿ ತಯಾರಾಗಿ ಬರುವ ಹೊಸ ಬೈಕ್‌ಗಳ ಮೂಲ ಸುಂಕವನ್ನು 1600 ಸಿಸಿಗಿಂತ ಕಡಿಮೆಯವಕ್ಕೆ ಶೇ 50ರಿಂದ 40ಕ್ಕೆ, ಅದಕ್ಕೂ ಮೇಲಿನವಕ್ಕೆ ಶೇ 30ಕ್ಕೆ ಇಳಿಸಿತು. ಹೊಸ ಬೈಕ್ ಬಂದು ಮಾರಾಟವಾದರೂ ತಡೆದುಕೊಳ್ಳುವ ಉದ್ದಿಮೆಗೆ, ಮಾರಾಟಕ್ಕೇ ಇಡದ ಹಳೆಯ ಬೈಕಿನಿಂದ ಏನೂ ಆಗದು.

ಎರಡನೆಯದು ಹೊಗೆ ಮತ್ತು ಸುರಕ್ಷತೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್–6 ಜಾರಿಯಲ್ಲಿರುವಾಗ ಎಲ್ಲಿಯದೋ ಹಳೆಯ ಎಂಜಿನ್‌ಗಳಿಗೆ ಇಲ್ಲೇಕೆ ಜಾಗ ಎಂದು ಕೇಳುವುದು ನ್ಯಾಯವೇ. ಉತ್ತರವೂ ಅಷ್ಟೇ ನೇರ: ಆ ಎಂಜಿನ್ ಮತ್ತೆ ರಸ್ತೆಗೆ ಇಳಿಯುವುದೇ ಬೇಡ. 2021ರ ನಿಯಮಗಳ ಪ್ರಕಾರ ದೇಶದಲ್ಲಿ ನೋಂದಾಯಿತ ವಾಹನ ಗುಜರಿ ಕೇಂದ್ರಗಳು ಶುರುವಾಗಿವೆ, ಕರ್ನಾಟಕದಲ್ಲೂ ಇವೆ. ಎಣ್ಣೆ, ಬ್ಯಾಟರಿಗಳನ್ನು ಸುರಕ್ಷಿತವಾಗಿ ಬೇರ್ಪಡಿಸಿ, ಛಾಸಿ ನಂಬರ್ ಅಳಿಸಿ, ಪ್ರಮಾಣಪತ್ರ ಕೊಡುವ ವ್ಯವಸ್ಥೆ ಅಲ್ಲಿದೆ. ಒಳ್ಳೆಯ ಸ್ಥಿತಿಯವನ್ನು ಛಾಸಿ ಕತ್ತರಿಸಿ ಐಟಿಐಗಳಿಗೆ, ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪ್‌ಗಳಿಗೆ ಕೊಡಬಹುದು. ಧಾರವಾಡದ ಹುಡುಗಿಯೊಬ್ಬಳು ಬಿಎಂಡಬ್ಲ್ಯುವಿನ ಬಾಕ್ಸರ್ ಎಂಜಿನ್ನನ್ನು ಸ್ವಂತ ಕೈಯಲ್ಲಿ ಬಿಚ್ಚಿ, ಎರಡು ಸಿಲಿಂಡರ್ ಎದುರುಬದುರಾಗಿ ಮಲಗಿ ಹೇಗೆ ಒಂದರ ಅದುರನ್ನು ಇನ್ನೊಂದು ನುಂಗುತ್ತದೆಂದು ನೋಡಿದರೆ, ಅದು ಯಾವ ಪಠ್ಯಪುಸ್ತಕದ ಚಿತ್ರಕ್ಕೂ ಸಿಗದ ಕಲಿಕೆ. ಕಸ್ಟಮ್ಸ್ ಅಂಗಳದಲ್ಲಿ ತುಕ್ಕು ಹಿಡಿಯುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಬೇರೆ ಕಡೆ ಹೇಗೆ?
ಐರೋಪ್ಯ ಒಕ್ಕೂಟದಲ್ಲಿ ಹೊರಗಿನ ನಿವಾಸಿಗಳ ಖಾಸಗಿ ವಾಹನಕ್ಕೆ ಆರು ತಿಂಗಳ ಅವಕಾಶ, ಕಾರ್ನೆಟ್ ಬೇಡ. ಅಲ್ಲೇ ಉಳಿಸಿಕೊಳ್ಳುವುದಾದರೆ 250 ಸಿಸಿವರೆಗೆ ಶೇ 8, ಅದಕ್ಕೂ ದೊಡ್ಡದಕ್ಕೆ ಶೇ 6 ಸುಂಕ, ಮೇಲೆ ವ್ಯಾಟ್. ಬ್ರಿಟನ್ನಿನಲ್ಲಿ ಹತ್ತು ವರ್ಷಕ್ಕಿಂತ ಹಳೆಯ ಬೈಕಿಗೆ ನೋಂದಣಿಯ ಮುನ್ನ ವಿಶೇಷ ತಾಂತ್ರಿಕ ಪರೀಕ್ಷೆಯಿಂದ ವಿನಾಯಿತಿ. ನಮ್ಮಲ್ಲಿ ಮೂರು ವರ್ಷ ದಾಟಿದ್ದಕ್ಕೆ ಬಾಗಿಲೇ ಬಂದ್. ಚಿಲಿಯ ಇಕಿಕೆ, ಪುಂತಾ ಅರೇನಾಸ್ ಮುಕ್ತ ವಲಯಗಳಲ್ಲಿ ಪ್ರವಾಸಿಗರು ವಾಹನ ಮಾರಿ ಹೋಗುವ ರೂಢಿಯಿದೆ. ಅಮೆರಿಕ ಮಾತ್ರ ನಮ್ಮಷ್ಟೇ ಬಿಗಿ: ಅಲ್ಲಿನ ಮಾನದಂಡಕ್ಕೆ ಹೊಂದದ ಪ್ರವಾಸಿ ವಾಹನಕ್ಕೆ ಒಂದು ವರ್ಷ ಅವಕಾಶ, ಮಾರುವಂತಿಲ್ಲ.

ಮೂರನೆಯವರು ಕೇಳುವುದು: ಸ್ವಂತ ಬೈಕನ್ನೇ ತರುವ ಹಟ ಯಾಕೆ? ಇಲ್ಲೇ ಒಂದು ರಾಯಲ್ ಎನ್‌ಫೀಲ್ಡ್ ಕೊಂಡು ಸುತ್ತಿ, ಮಾರಿ ಹೋಗಲಿ. ದೆಹಲಿಯ ಕರೋಲ್ ಬಾಗ್‌ನಲ್ಲಿ ಅದಕ್ಕೆಂದೇ ಅಂಗಡಿಗಳಿವೆ, ಬರೀ ಭಾರತ ನೋಡುವವರಿಗೆ ಅದು ಒಳ್ಳೆಯ ಸಲಹೆಯೇ. ಆದರೆ ಸಮಸ್ಯೆ ಅಲ್ಲಿಗೂ ಮುಗಿಯದು. ಮಾರಾಟಕ್ಕೆ ಫಾರಂ 29, ಫಾರಂ 30 ಬೇಕು, ಬೇರೆ ರಾಜ್ಯದಲ್ಲಿ ಮಾರಿದರೆ ಫಾರಂ 28ರ ಎನ್‌ಒಸಿ ಬೇಕು. ದೆಹಲಿ ನೋಂದಣಿಯ ಬೈಕನ್ನು ಬೆಂಗಳೂರಿನಲ್ಲಿ ತನ್ನ ಹೆಸರಿಗೆ ಮಾಡಿಸಿಕೊಂಡವರಿಗೆ ಆ ಓಡಾಟ ಗೊತ್ತೇ ಇದೆ. ಅಲ್ಲದೆ ಅದೇ ಬೈಕ್ ನೇಪಾಳಕ್ಕೆ ಹೋದ ಕ್ಷಣ ಅದೂ ವಿದೇಶಿ ನೋಂದಣಿಯದಾಗಿ, ಅಲ್ಲಿ ಮಾರಲಾಗದ ವಸ್ತುವಾಗುತ್ತದೆ.

ಇದೆಲ್ಲ ಕೈಬೆರಳೆಣಿಕೆಯ ಹವ್ಯಾಸಿಗಳ ತೊಂದರೆ, ದೇಶಕ್ಕೆ ಬೇರೆ ಕೆಲಸವಿಲ್ಲವೇ ಎನ್ನುವವರೂ ಇದ್ದಾರೆ. ಸಂಖ್ಯೆ ದೊಡ್ಡದಲ್ಲ, ಒಪ್ಪಿದೆ. ಸಂಖ್ಯೆ ಸಣ್ಣದಿರುವುದೇ ಇದನ್ನು ಸುಲಭವಾಗಿ ಬಗೆಹರಿಸಬಹುದು ಎನ್ನುವುದಕ್ಕೆ ಕಾರಣ. ಜೊತೆಗೆ ಈಗ ಹರಿವು ಒಂದೇ ದಿಕ್ಕಿನದಲ್ಲ. ಬೆಂಗಳೂರಿನಿಂದ, ಮಂಗಳೂರಿನಿಂದ ‘ಐಎನ್‌ಡಿ’ ಅಂಟಿಸಿಕೊಂಡು ಹೊರಟ ಬೈಕ್‌ಗಳು ಯುರೋಪಿನ ರಸ್ತೆಗಳಲ್ಲಿವೆ. ಅವರಿಗೆ ಕಾರ್ನೆಟ್ ಕೊಡುವುದು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್‌ನಂಥ ಸಂಸ್ಥೆಗಳು. ಅವರಲ್ಲಿ ಯಾರದಾದರೂ ಬೈಕ್ ಇರಾನಿನ ಮರುಭೂಮಿಯಲ್ಲಿ ಕೈಕೊಟ್ಟರೆ, ಯುದ್ಧ ಶುರುವಾಗಿ ಮರುದಿನವೇ ವಿಮಾನ ಹತ್ತಬೇಕಾದರೆ, ಅವರಿಗೂ ಬೇಕಾಗುವುದು ಇದೇ ಬಾಗಿಲು. ನಾವು ಇಲ್ಲಿ ತೆರೆಯದ ಬಾಗಿಲನ್ನು ಅಲ್ಲಿ ತೆರೆಯಿರಿ ಎಂದು ಕೇಳುವ ನೈತಿಕ ಬಲ ನಮ್ಮ ರಾಯಭಾರ ಕಚೇರಿಗಳಿಗೆ ಬರುವುದು ಹೇಗೆ?

ಹೊರಡುವ ಮುನ್ನ
ಬೈಕಿನ ಕೊನೆಯ ನಿಲ್ದಾಣವನ್ನು ಮೊದಲೇ ಯೋಚಿಸಿಡಿ. ಪ್ರತಿ ಗಡಿಯಲ್ಲೂ ಕಾರ್ನೆಟ್‌ನ ಮೇಲಿನ ತುಂಡಿನ ಎರಡೂ ಮೊಹರುಗಳ ಫೋಟೊ ತೆಗೆದುಕೊಳ್ಳಿ. ಮೊಹರು ತಪ್ಪಿಹೋಗಿದ್ದರೆ, ಬೈಕ್ ಈಗ ಇಂಥ ದೇಶದಲ್ಲಿದೆ ಎಂದು ಕಸ್ಟಮ್ಸ್ ಅಧಿಕಾರಿ ಅಥವಾ ರಾಯಭಾರ ಕಚೇರಿ ಖುದ್ದು ನೋಡಿ ಕೊಡುವ ಪ್ರಮಾಣಪತ್ರದಿಂದ ಠೇವಣಿ ಉಳಿಯಬಹುದು. ನೇಪಾಳಕ್ಕೆ ನಮ್ಮ ನೋಂದಣಿಯ ಬೈಕ್ ಒಯ್ಯಲು ಕಾರ್ನೆಟ್ ಬೇಡ. ಗಡಿಯ ಭನ್ಸಾರ್ (ಕಸ್ಟಮ್ಸ್) ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ವರ್ಷಕ್ಕೆ 30 ದಿನದ ಮಿತಿಯಿದೆ. ಬೈಕ್ ಹೊರದೇಶದಲ್ಲಿ ನಾಶವಾದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ನಿಯಮ ಬದಲಿಸುವುದು ನಮ್ಮಲ್ಲಿ ಆಗದ ಹೋಗದ ಮಾತು ಎನ್ನುವವರಿಗೆ ಈಚಿನ ಎರಡು ಉದಾಹರಣೆಗಳಿವೆ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರು ಹನ್ನೆರಡು ತಿಂಗಳು ದಾಟಿದರೆ ಮರುನೋಂದಣಿ, ಮತ್ತೆ ಜೀವಿತಾವಧಿ ತೆರಿಗೆ ಎಂದು ದಶಕಗಳ ಕಾಲ ಬವಣೆಪಟ್ಟರು. 2021ರಲ್ಲಿ ಬಂದ ಬಿಎಚ್ ಸರಣಿ, ಅರ್ಹತೆ ಇದ್ದವರ ಮಟ್ಟಿಗೆ, ಆ ಗೋಜನ್ನು ಬಗೆಹರಿಸಿತು. 2022ರಲ್ಲಿ ಭಾರತಕ್ಕೆ ಬರುವ ವಿದೇಶಿ ಖಾಸಗಿ ವಾಹನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಬಂತು. ನೋಂದಣಿ ಪತ್ರ, ಲೈಸೆನ್ಸ್, ವಿಮೆ, ಮಾಲಿನ್ಯ ಪ್ರಮಾಣಪತ್ರ ಹೀಗೆ ಒಳಬರಲು ಏನೇನು ಬೇಕೆಂದು ಅದು ಬಿಡಿಸಿ ಹೇಳುತ್ತದೆ. ಹೊರಹೋಗಲಾಗದೆ ಉಳಿದ ವಾಹನದ ಗತಿಯನ್ನೂ ಅದೇ ಉಸಿರಿನಲ್ಲಿ ಹೇಳಬಹುದಿತ್ತು. ಈಗಲೂ ತಡವಾಗಿಲ್ಲ. ಕಸ್ಟಮ್ಸ್ ಕಾಯ್ದೆಯ 25ನೇ ಕಲಂ ಕೇಂದ್ರ ಸರ್ಕಾರಕ್ಕೆ ಅಧಿಸೂಚನೆಯ ಮೂಲಕವೇ ಸುಂಕ ವಿನಾಯಿತಿ ಕೊಡುವ ಅಧಿಕಾರ ನೀಡಿದೆ. ಕಾರ್ನೆಟ್ ವಾಹನಗಳಿಗೆ ಈಗ ಸಿಗುವ ವಿನಾಯಿತಿಯೂ ಅಂಥದೇ ಅಧಿಸೂಚನೆಯಿಂದ ಬಂದದ್ದು. ಅದಕ್ಕೊಂದು ಪ್ಯಾರಾ ಸೇರಿಸಿ, ಒಪ್ಪಿಸುವ ವಿಧಾನ, ಗುಜರಿ ಅಥವಾ ಐಟಿಐಗೆ ವರ್ಗಾಯಿಸುವ ವಿಧಾನ, ಸವಾರರು ಕಟ್ಟಬೇಕಾದ ಶುಲ್ಕ ಇಷ್ಟನ್ನು ಬರೆದು, ವಿದೇಶಿ ಕ್ಲಬ್‌ಗಳಿಗೆ ತಿಳಿಸಿದರೆ ಕೆಲಸ ಆಯಿತು. ಹೊಸ ಕಾಯ್ದೆ ಬೇಡ, ಸಂಸತ್ತಿನ ಅಧಿವೇಶನ ಬೇಡ. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿ ಮನಸ್ಸು ಮಾಡಿದರೆ ಮುಂದಿನ ಚಳಿಗಾಲದ ಸವಾರರು ದಕ್ಷಿಣಕ್ಕೆ ಇಳಿಯುವ ಮುನ್ನವೇ ಇದು ಜಾರಿಗೆ ಬರಬಹುದು.